ಸೊನ್ನೆ ಬಡ್ಡಿಯ ಸಾಲ ಇರುವಾಗ ಮೂರು ರೂಪಾಯಿ ಬಡ್ಡಿಗೆ ಯಾಕೆ ಹೋಗುತ್ತಾರೆ?

ಜುಲೈ ಕೊನೆಯ ವಾರ ಮಲ್ಪೆ ಬಂದರಿಗೆ ಹೋಗಿ ನೋಡಿ. ಮಳೆಗಾಲವಿಡೀ ಮಲಗಿದ್ದ ಬೋಟುಗಳಿಗೆ ಬಣ್ಣ ಹೊಡೆಯುತ್ತಿರುತ್ತಾರೆ. ಟಾರ್ಪಾಲಿನ ಕೆಳಗೆ ಸಾಲಾಗಿ ಕೂತು ಬಲೆ ರಿಪೇರಿ ಮಾಡುತ್ತಿರುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗಸ್ಟ್ 1ಕ್ಕೆ ಇಳಿಯಬೇಕು ಅಂದರೆ ಡೀಸೆಲ್ ಬೇಕು, ಐಸ್ ಬೇಕು, ಹತ್ತು ದಿನಕ್ಕಾಗುವಷ್ಟು ಅಕ್ಕಿ ತೆಂಗಿನಕಾಯಿ ಬೇಕು, ಬಲೆ ಎಳೆಯುವ ಕಲಾಸಿಗಳಿಗೆ ಮುಂಗಡ ಕೊಡಬೇಕು. ದುಡ್ಡೆಲ್ಲಾ ಒಂದೇ ವಾರದಲ್ಲಿ ಹೋಗುತ್ತದೆ. ಮೀನು ಬರುವುದು ಆಮೇಲೆ. ಬರದೇ ಇರಲೂಬಹುದು.

ಅದಕ್ಕಿಂತ ಎರಡು ತಿಂಗಳು ಮೊದಲು ಹಾವೇರಿ ಕಡೆಯ ಗೊಬ್ಬರದ ಅಂಗಡಿಯಲ್ಲಿ ನಿಂತರೆ ಇದೇ ಕಥೆ. ಮುಂಗಾರಿನ ಮೊದಲ ಹದ ಮಳೆ ಬಿದ್ದಿದೆ. ಗೋವಿನಜೋಳದ ಬೀಜ, ಗೊಬ್ಬರದ ಚೀಲ, ಟ್ರ್ಯಾಕ್ಟರ್ ಬಾಡಿಗೆ, ಎಲ್ಲವೂ ಈ ವಾರವೇ ಆಗಬೇಕು. ಹದ ತಪ್ಪಿದರೆ ಬಿತ್ತಿಯೂ ಪ್ರಯೋಜನ ಇಲ್ಲ. ಅದೇ ವಾರ ಮಕ್ಕಳ ಶಾಲೆಯೂ ಶುರುವಾಗಿರುತ್ತದೆ.

ಕಾಗದದ ಮೇಲೆ ನೋಡಿದರೆ ಇವರಿಬ್ಬರಿಗೂ ಸಾಲದ ಕೊರತೆ ಇರಬಾರದು. ಕರ್ನಾಟಕದಲ್ಲಿ ಸಹಕಾರ ಸಂಘದ ಮೂಲಕ ರೈತರಿಗೆ 5 ಲಕ್ಷ ರೂಪಾಯಿವರೆಗೆ ಅಲ್ಪಾವಧಿ ಬೆಳೆ ಸಾಲ ಸೊನ್ನೆ ಬಡ್ಡಿಗೆ ಸಿಗುತ್ತದೆ. 3 ಲಕ್ಷ ಇದ್ದ ಈ ಮಿತಿಯನ್ನು 2023ರ ಜುಲೈ ಬಜೆಟ್‌ನಲ್ಲಿ ಏರಿಸಿದರು. ಮೀನುಗಾರ ಮಹಿಳೆಯರ ಬಡ್ಡಿರಹಿತ ಸಾಲದ ಮಿತಿಯೂ ಅದೇ ಬಜೆಟ್‌ನಲ್ಲಿ 50 ಸಾವಿರದಿಂದ 3 ಲಕ್ಷಕ್ಕೆ ಹೋಯಿತು. ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡ್ ಆದರೆ ಬಡ್ಡಿ 7%. ಹೇಳಿದ ದಿನಕ್ಕೆ ಕಟ್ಟಿದರೆ 3% ವಾಪಸ್, ಅಂದರೆ ಕೊನೆಗೆ ಬೀಳುವುದು 4%. 1998ರಲ್ಲಿ ರೈತರಿಗೆಂದು ಶುರುವಾದ ಈ ಕಾರ್ಡು 2018ರ ಕೇಂದ್ರ ಬಜೆಟ್ ಆದ ಮೇಲೆ ಮೀನುಗಾರರಿಗೂ ಹೈನುಗಾರರಿಗೂ ಬಂತು.

ಹಾಗಿದ್ದರೆ ಊರಲ್ಲಿ ಈಗಲೂ "ಮೂರು ರೂಪಾಯಿ ಬಡ್ಡಿ"ಗೆ ಸಾಲ ಹುಟ್ಟುವುದು ಹೇಗೆ?

ಮೊದಲು ಆ ಮಾತಿನ ಲೆಕ್ಕ ನೋಡೋಣ. ಮೂರು ರೂಪಾಯಿ ಅಂದರೆ ನೂರಕ್ಕೆ ತಿಂಗಳಿಗೆ ಮೂರು. ವರ್ಷಕ್ಕೆ 36%. ಒಂದು ಲಕ್ಷ ತಂದು ನಾಲ್ಕು ತಿಂಗಳು ಇಟ್ಟುಕೊಂಡರೆ 12,000 ಬಡ್ಡಿ. ತಿಂಗಳ ಲೆಕ್ಕದಲ್ಲಿ ಹೇಳುವುದರಿಂದಲೇ ಅದು ಅಷ್ಟು ಸಣ್ಣದಾಗಿ ಕೇಳಿಸುತ್ತದೆ. ಸಾಲ ತೆಗೆದುಕೊಳ್ಳುವವರಿಗೆ ಇದು ಗೊತ್ತಿಲ್ಲ ಅಂತ ಮಾತ್ರ ಅಂದುಕೊಳ್ಳಬೇಡಿ. ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಹೋಗುತ್ತಾರೆ.

ಯಾಕೆ ಅಂದರೆ ಅಗ್ಗದ ಸಾಲ ಬೆವರು ನೋಡಿ ಕೊಡುವಂಥದ್ದಲ್ಲ, ಕಾಗದ ನೋಡಿ ಕೊಡುವಂಥದ್ದು. ರೈತನ ಕಾಗದ ಪಹಣಿ. ಅದರ 9ನೇ ಕಾಲಂನಲ್ಲಿ ಮಾಲೀಕನ ಹೆಸರಿರಬೇಕು. 11ನೇ ಕಾಲಂನಲ್ಲಿ ಹಳೆಯ ಸಾಲದ ಬೋಜ ಇರಬಾರದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದೆ. ನನ್ನ ಸೋದರಮಾವನದೂ ಹಾಗೇ ಇತ್ತು. ಒಂದೂವರೆ ಎಕರೆ ಅಡಿಕೆ ತೋಟ. ಮೂವತ್ತು ವರ್ಷದಿಂದ ನೀರು ಬಿಟ್ಟವರು, ಕೊನೆ ಕೊಯ್ಯಿಸಿದವರು ಅವರೇ. ಬ್ಯಾಂಕಿಗೆ ಹೋದರೆ "ಪೌತಿ ಖಾತೆ ಮಾಡಿಸ್ಕೊಂಡು ಬನ್ನಿ" ಅಂದರು. ಅಂದರೆ ತೀರಿಹೋದವರ ಹೆಸರಿನ ಜಮೀನು ಮೊದಲು ವಾರಸುದಾರರ ಹೆಸರಿಗೆ ಆಗಬೇಕು. ವಾರಸುದಾರರು ಐದು ಜನ. ಒಬ್ಬರು ಮುಂಬೈಯಲ್ಲಿ, ಇನ್ನೊಬ್ಬರು ಮಾತು ಬಿಟ್ಟು ಎಂಟು ವರ್ಷ ಆಗಿತ್ತು. ಐದು ಸಹಿ ಒಂದೇ ಕಾಗದದ ಮೇಲೆ ಕೂರುವಷ್ಟರಲ್ಲಿ ಎರಡು ಮಳೆಗಾಲ ಕಳೆದವು.

ಮಾವನಿಗೆ ತೋಟವಾದರೂ ಇತ್ತು. ಬೇರೆಯವರ ಹೊಲ ಮಾಡುವವರ ಪಾಡು ನೋಡಿ. ಉತ್ತರ ಕರ್ನಾಟಕದಲ್ಲಿ ಅದನ್ನು ಲಾವಣಿ ಅಂತಾರೆ, ಬೇರೆ ಕಡೆ ಗುತ್ತಿಗೆ, ವಾರ, ಕೋರು ಅಂತಾರೆ. ಊರಿಗೆಲ್ಲಾ ಗೊತ್ತಿರುವ ಈ ವ್ಯವಹಾರ ಕಾಗದದಲ್ಲಿ ಎಲ್ಲೂ ಇಲ್ಲ. ಇದಕ್ಕೊಂದು ಇತಿಹಾಸ ಇದೆ. 1974ರ ಭೂಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಉಳುವವನೇ ಹೊಲದೊಡೆಯ ಅಂತಾಯಿತು. ಕರಾವಳಿಯಲ್ಲಿ ಸಾವಿರಾರು ಗೇಣಿದಾರರು ಡಿಕ್ಲರೇಷನ್ ಕೊಟ್ಟು ಒಡೆಯರಾದರು. ಅದು ದೊಡ್ಡ ಕೆಲಸ, ಎರಡು ಮಾತಿಲ್ಲ. ಆದರೆ ಸೈನಿಕರಂಥ ಕೆಲವರನ್ನು ಬಿಟ್ಟರೆ ಬೇರೆಯವರು ಜಮೀನು ಗುತ್ತಿಗೆಗೆ ಕೊಡುವುದು ಅಂದಿನಿಂದ ಕಾನೂನುಬಾಹಿರ. ಜನ ಗುತ್ತಿಗೆ ಕೊಡುವುದನ್ನು ಬಿಡಲಿಲ್ಲ, ಬರೆದುಕೊಡುವುದನ್ನು ಬಿಟ್ಟರು. ಬರೆದುಕೊಟ್ಟರೆ ಹೊಲವೇ ಹೋದೀತು ಅನ್ನುವ ಭಯ ಮಾಲೀಕನಿಗೆ. ಅಂದು ಒಂದು ತಲೆಮಾರಿಗೆ ಪಹಣಿ ಕೊಡಿಸಿದ ಕಾನೂನೇ ಇಂದು ಉಳುವವನ ಕೈಗೆ ಒಂದು ಚೀಟಿಯೂ ಸಿಗದ ಹಾಗೆ ಮಾಡಿದೆ. ಇದರ ತಮಾಷೆ ಏನು ಗೊತ್ತಾ? ಬೆಳೆ ಸಾಲ ಹೊಲದ ಮಾಲೀಕನ ಹೆಸರಲ್ಲಿ ಆಗಿರುತ್ತದೆ. ಅವನು ಪೇಟೆಯಲ್ಲಿ ಇರುತ್ತಾನೆ. ಬೆಳೆಯುವವನು ಲಾವಣಿ ದುಡ್ಡಿಗೂ ಸಾಲ, ಬೀಜಕ್ಕೂ ಸಾಲ ಅಂತ ಓಡಾಡುತ್ತಿರುತ್ತಾನೆ.

ಕಡಲ ಕಡೆಗೆ ಬಂದರೆ ಪಹಣಿಯ ಜಾಗದಲ್ಲಿ ಬೋಟಿನ ನೋಂದಣಿ ಪತ್ರ ಇರುತ್ತದೆ. ಮೀನುಗಾರರ ಕ್ರೆಡಿಟ್ ಕಾರ್ಡಿನ ನಿಯಮ ಸ್ಪಷ್ಟವಾಗಿದೆ: ನೋಂದಣಿಯಾದ ದೋಣಿ ಅಥವಾ ಬೋಟು ಸ್ವಂತದ್ದಿರಬೇಕು, ಇಲ್ಲವೇ ಬಾಡಿಗೆಗೆ ಪಡೆದಿರಬೇಕು. ಮೀನು ಹಿಡಿಯುವ ಪರವಾನಗಿ ಇರಬೇಕು. ಒಳನಾಡಿನಲ್ಲಾದರೆ ಕೆರೆಯೋ ಹೊಂಡವೋ ಇರಬೇಕು. ತಂಡೇಲ ಬೋಟು ನಡೆಸುತ್ತಾನೆ, ಕಲಾಸಿ ಬಲೆ ಎಳೆಯುತ್ತಾನೆ. ಇಬ್ಬರಿಗೂ ಪಾಲು ಸಿಗುತ್ತದೆ, ಬೋಟಿನ ಕಾಗದದಲ್ಲಿ ಹೆಸರು ಇರುವುದಿಲ್ಲ. ಹಾಗಾಗಿ ಕಲಾಸಿಗೆ ಸಿಗುವ ಸಾಲ ಒಂದೇ, ಬೋಟಿನ ಮಾಲೀಕ ಕೊಡುವ ಮುಂಗಡ. ಅದು ತೀರುವವರೆಗೆ ಬೇರೆ ಬೋಟು ಹತ್ತುವುದು ಕಷ್ಟ. ಮಾಲೀಕನನ್ನು ಕೇಳಿದರೆ ಅವನ ಕಥೆಯೇ ಬೇರೆ. ಮುಂಗಡ ತಗೊಂಡು ಬೇರೆ ಬಂದರಿಗೆ ಹೋದವರ ಪಟ್ಟಿಯನ್ನೇ ಓದುತ್ತಾನೆ.

ಕಾಗದ ಸರಿ ಇದ್ದವರಿಗೂ ಸಾಲ ಸಾಕಾಗುತ್ತದಾ? ಕ್ರೆಡಿಟ್ ಕಾರ್ಡಿನ ಮಿತಿ ನಿಗದಿಯಾಗುವ ಲೆಕ್ಕವನ್ನು ಒಮ್ಮೆ ಕೈಯಲ್ಲೇ ಮಾಡಿ ನೋಡಬೇಕು. ಒಂದು ಎಕರೆಗೆ ಯಾವ ಬೆಳೆಗೆ ಎಷ್ಟು ಖರ್ಚು ಅಂತ ಪ್ರತಿ ಜಿಲ್ಲೆಯಲ್ಲೂ ತಾಂತ್ರಿಕ ಸಮಿತಿಯೊಂದು ವರ್ಷವರ್ಷ ತೀರ್ಮಾನ ಮಾಡುತ್ತದೆ. ಎಕರೆಗೆ 30,000 ಅಂತ ಇಟ್ಟುಕೊಳ್ಳೋಣ. ಎರಡು ಎಕರೆಗೆ 60,000. ಅದರ ಮೇಲೆ ಕೊಯ್ಲಿನ ನಂತರದ ಖರ್ಚು ಮತ್ತು ಮನೆ ಖರ್ಚಿಗೆ 10%, ಅಂದರೆ 6,000. ಪಂಪ್‌ಸೆಟ್ಟು, ಉಪಕರಣ ಇತ್ಯಾದಿಗಳ ರಿಪೇರಿಗೆ 20%, ಅಂದರೆ 12,000. ಒಟ್ಟು 78,000, ಜೊತೆಗೆ ಬೆಳೆ ವಿಮೆಯ ಕಂತು. ಐದು ವರ್ಷದ ಕಾರ್ಡು, ವರ್ಷಕ್ಕೆ ಹತ್ತು ಪರ್ಸೆಂಟ್‌ನಂತೆ ಮಿತಿ ಏರುತ್ತಾ ಹೋಗುತ್ತದೆ.

ಆ 6,000 ಮೇಲೆ ಸ್ವಲ್ಪ ನಿಲ್ಲಿ. ಮನೆ ಖರ್ಚಿಗೆ, ಅದೂ ಇಡೀ ವರ್ಷಕ್ಕೆ. ಒಂದು ಸಲ ಜ್ವರ ಬಂದು ಆಸ್ಪತ್ರೆ ಸೇರಿದರೆ ಅಷ್ಟು ಮುಗಿಯಿತು. ಬೆಳೆಗೆ ಮಾತ್ರ ಸಾಲ ಕೊಡುವ ವ್ಯವಸ್ಥೆ ಬೆಳೆ ಬೆಳೆಯುವವನಿಗೆ ಹೊಟ್ಟೆ, ಮಕ್ಕಳು, ಮದುವೆ, ಕಾಯಿಲೆ ಇರುವುದನ್ನು ಹತ್ತು ಪರ್ಸೆಂಟ್‌ನಲ್ಲಿ ಮುಗಿಸಿಬಿಡುತ್ತದೆ. ಉಳಿದದ್ದು ಮೂರು ರೂಪಾಯಿ ಬಡ್ಡಿಯವನ ಹತ್ತಿರ. ಇಲ್ಲಾಂದರೆ ಹೆಂಡತಿಯ ಬಳೆ ಅಡವಿಗೆ. ಬಂಗಾರ ಇಟ್ಟರೆ ಅರ್ಧ ಗಂಟೆಯಲ್ಲಿ ದುಡ್ಡು ಕೈಗೆ ಬರುತ್ತದೆ. ಪಹಣಿ ಹಿಡಿದು ಹೋದರೆ ವಾರಗಟ್ಟಲೆ ಓಡಾಟ.

ಬ್ಯಾಂಕಿನವರನ್ನು ಬೈಯುವುದು ಸುಲಭ. ಆದರೆ ಅವರ ಕಡೆಯ ಮಾತೂ ಇದೆ. 50,000 ಸಾಲಕ್ಕೂ 50 ಲಕ್ಷದ ಸಾಲಕ್ಕೂ ಹೆಚ್ಚುಕಡಿಮೆ ಅಷ್ಟೇ ಕಾಗದದ ಕೆಲಸ. ಪೇಟೆಯ ಹತ್ತು ಅಂಗಡಿಗಳಿಗೆ ಸಾಲ ಕೊಟ್ಟರೆ ಒಂದೋ ಎರಡೋ ಮುಳುಗಬಹುದು. ಮಳೆ ಕೈಕೊಟ್ಟರೆ ಒಂದು ಹೋಬಳಿಯ ರೈತರೆಲ್ಲಾ ಒಟ್ಟಿಗೇ ಮುಳುಗುತ್ತಾರೆ. ಬಂಗುಡೆ, ಬೂತಾಯಿ ಬಾರದ ವರ್ಷ ಇಡೀ ಬಂದರು ಒಟ್ಟಿಗೇ ಕೂರುತ್ತದೆ. ಹೊಲವಾದರೂ ಇದ್ದಲ್ಲೇ ಇರುತ್ತದೆ. ಮರದ ದೋಣಿ, ಬಲೆ ಒಂದು ತೂಫಾನಿಗೆ ಹೋಗಬಹುದು.

ಈ ಭಯ ಬಂದರಿನ ಕಮಿಷನ್ ಏಜೆಂಟನಿಗೆ, ಮಂಡಿಯ ದಲ್ಲಾಳಿಗೆ ಯಾಕಿಲ್ಲ? ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಸ್ವಾರಸ್ಯ ಅನ್ನಿಸುವುದು ಇದೇ. ದಲ್ಲಾಳಿಗೆ ಅಡಮಾನ ಅಂದರೆ ಹೊಲವೂ ಅಲ್ಲ ಬೋಟೂ ಅಲ್ಲ, ಬರಲಿರುವ ಫಸಲು. ಅವನು ಕೊಟ್ಟ ಮುಂಗಡಕ್ಕೆ ಎಷ್ಟೋ ಸಲ ಬಡ್ಡಿಯೇ ಇರುವುದಿಲ್ಲ. ಷರತ್ತು ಒಂದೇ: ಮಾಲು ನನ್ನ ಹತ್ತಿರವೇ ತರಬೇಕು. ಬೋಟು ದಕ್ಕೆಗೆ ಬಂದಾಗ ಅವನು ಅಲ್ಲೇ ನಿಂತಿರುತ್ತಾನೆ. ಏಲಂ ಅವನದೇ, ತೂಕ ಅವನದೇ, ಮುರಿದುಕೊಳ್ಳುವುದೂ ಅವನೇ. ವಸೂಲಿಗೆ ನೋಟಿಸು ಬೇಡ, ವಕೀಲರು ಬೇಡ.

ಹಾಗಾದರೆ ಬಡ್ಡಿ ಎಲ್ಲಿ ಹೋಯಿತು? ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ಎರಡು ಲಕ್ಷ ಮುಂಗಡ. ತಿಂಗಳಿಗೆ 3,000 ಕಿಲೋ ಮೀನು ಅವನ ಮೂಲಕವೇ ಮಾರಾಟ. ಬೇರೆ ಕಡೆ ಸಿಗಬಹುದಾದ ದರಕ್ಕಿಂತ ಕಿಲೋಗೆ ಎರಡು ರೂಪಾಯಿ ಕಡಿಮೆ. ತಿಂಗಳಿಗೆ 6,000. ಎರಡು ಲಕ್ಷಕ್ಕೆ ತಿಂಗಳಿಗೆ 6,000 ಅಂದರೆ ನೂರಕ್ಕೆ ಮೂರು. ಸುತ್ತಿ ಬಳಸಿ ಅದೇ ಮೂರು ರೂಪಾಯಿ ಬಡ್ಡಿಗೆ ಬಂದು ನಿಂತೆವು, ಅಲ್ವಾ? ಗೊಬ್ಬರದ ಅಂಗಡಿಯ ಉದ್ರಿಯೂ ಹೀಗೇ. ಚೀಲದ ಮೇಲೆ ಸ್ವಲ್ಪ ಜಾಸ್ತಿ, ಸುಗ್ಗಿಯಲ್ಲಿ ಕ್ವಿಂಟಲ್ ಮೇಲೆ ಸ್ವಲ್ಪ ಕಡಿಮೆ. ಬಡ್ಡಿ ಅನ್ನುವ ಪದ ಎಲ್ಲೂ ಬರುವುದಿಲ್ಲ.

ಅದಕ್ಕೇ ದಲ್ಲಾಳಿ ಸುಮ್ನೆ ರಾಕ್ಷಸ ಅನ್ನುವ ಚಿತ್ರ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ರಾತ್ರಿ ಒಂಬತ್ತಕ್ಕೆ ಎಂಜಿನ್ ಕೆಟ್ಟರೆ ಫೋನ್ ಎತ್ತುವವನು ಅವನೊಬ್ಬನೇ. ಮೀನು ಬಾರದ ತಿಂಗಳು "ಇರ್ಲಿ ಬಿಡಿ, ಮುಂದಿನ ಸಲ ನೋಡೋಣ" ಅನ್ನುವವನೂ ಅವನೇ. ಆ ಹೊಂದಾಣಿಕೆಗೆ ಬೆಲೆ ಇದೆ, ಅದನ್ನು ಅವನು ಸರಿಯಾಗಿಯೇ ವಸೂಲಿ ಮಾಡುತ್ತಾನೆ.

ಸಾಹುಕಾರನ ಕೈ ತಪ್ಪಿಸಬೇಕು ಅನ್ನುವ ಯೋಚನೆ ಹೊಸದೇನಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ನಮ್ಮ ಗದಗದ ಹತ್ತಿರದ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದು ಆಗ ವರ್ಷವಷ್ಟೇ ಆಗಿತ್ತು. ಆದರೂ ಸುಮಾರು ಐವತ್ತು ವರ್ಷದ ನಂತರ ರಿಸರ್ವ್ ಬ್ಯಾಂಕ್ ದೇಶವಿಡೀ ಸಮೀಕ್ಷೆ ಮಾಡಿಸಿದಾಗ, ರೈತರ ಸಾಲದಲ್ಲಿ ನೂರಕ್ಕೆ ಸುಮಾರು 70 ಲೇವಾದೇವಿಯವರದ್ದೇ ಇತ್ತು. ಸಹಕಾರ ಸಂಘಗಳದ್ದು ಬರೀ 3. ಆಮೇಲೆ 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣ ಆಯಿತು, 1975ರಲ್ಲಿ ಗ್ರಾಮೀಣ ಬ್ಯಾಂಕುಗಳು ಬಂದವು, 1982ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು ನಬಾರ್ಡ್ ಬಂತು. 2019ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಹೊತ್ತಿಗೆ ಲೆಕ್ಕ ತಿರುಗಾಮುರುಗಾ ಆಗಿತ್ತು. ಕೃಷಿ ಕುಟುಂಬಗಳ ಬಾಕಿ ಸಾಲದಲ್ಲಿ ಬ್ಯಾಂಕು, ಸೊಸೈಟಿ, ಸರ್ಕಾರದ್ದು ಸುಮಾರು 70%, ಲೇವಾದೇವಿಯವರದು ಸುಮಾರು 20%. ಇದು ಸಣ್ಣ ಬದಲಾವಣೆ ಅಲ್ಲ. ಆದರೆ ಈ 70% ಸರಾಸರಿ. ಹಿಡುವಳಿ ದೊಡ್ಡದಾದಷ್ಟೂ ಬ್ಯಾಂಕಿನ ಪಾಲು ಜಾಸ್ತಿ, ತುಂಡು ಭೂಮಿಯವರಿಗೆ ಇಳಿದಷ್ಟೂ ಕಡಿಮೆ.

ಇನ್ನು ಊರಿನ ಸೊಸೈಟಿ. ಅಲ್ಲಿ "ಲಿಮಿಟ್ ಮುಗಿದಿದೆ, ಹೊಸಬರಿಗೆ ಸಾಲ ಇಲ್ಲ" ಅಂತ ಕೇಳಿದವರು ನಿಮ್ಮಲ್ಲೂ ಇರಬಹುದು. ಸೊಸೈಟಿಗೆ ದುಡ್ಡು ಬರುವುದು ಜಿಲ್ಲೆಯ ಸಹಕಾರ ಬ್ಯಾಂಕಾದ ಡಿಸಿಸಿ ಬ್ಯಾಂಕಿನಿಂದ, ಅದಕ್ಕೆ ಬೆಂಗಳೂರಿನಲ್ಲಿರುವ ರಾಜ್ಯ ಸಹಕಾರ ಬ್ಯಾಂಕು ಅಪೆಕ್ಸ್‌ನಿಂದ, ಅಪೆಕ್ಸಿಗೆ ಒಂದಷ್ಟು ನಬಾರ್ಡ್‌ನಿಂದ ಕಡಿಮೆ ಬಡ್ಡಿಗೆ. ಮೇಲಿನ ನಲ್ಲಿ ಬಿಗಿ ಮಾಡಿದರೆ ಕೆಳಗಿನ ಕೊಡ ತುಂಬುವುದಿಲ್ಲ. 2023-24ರಲ್ಲಿ ಕರ್ನಾಟಕಕ್ಕೆ 5,600 ಕೋಟಿ ಇದ್ದ ನಬಾರ್ಡ್‌ನ ಅಲ್ಪಾವಧಿ ಕೃಷಿ ಸಾಲದ ಮಿತಿ 2024-25ಕ್ಕೆ 2,340 ಕೋಟಿಗೆ ಇಳಿಯಿತು. ಮುಖ್ಯಮಂತ್ರಿಗಳೇ ದೆಹಲಿಗೆ ಹೋಗಿ ತಕರಾರು ಹೇಳಿ ಬಂದರು. ಹೀಗಾದಾಗ ಹಳೆಯ ಸದಸ್ಯರ ಸಾಲ ಹೇಗೋ ನವೀಕರಣ ಆಗುತ್ತದೆ. ಬಾಗಿಲಲ್ಲಿ ನಿಲ್ಲುವುದು ಹೊಸಬರು.

ನವೀಕರಣ ಅಂದೆನಲ್ಲ, ಅದರ ಒಳಗೂ ಒಂದು ಗುಟ್ಟಿದೆ. ಸೊನ್ನೆ ಬಡ್ಡಿ ಸಿಗುವುದು ಗಡುವಿನೊಳಗೆ ಪೂರ್ತಿ ಅಸಲು ಕಟ್ಟಿದವರಿಗೆ ಮಾತ್ರ. ಗಡುವು ಬರುವಾಗ ಕೈಯಲ್ಲಿ ಮೂರು ಲಕ್ಷ ಒಟ್ಟಿಗೆ ಯಾವ ಸಣ್ಣ ರೈತನ ಹತ್ತಿರ ಇರುತ್ತದೆ? ಅದಕ್ಕೆಂದೇ ಊರೂರಲ್ಲಿ ಕೈಗಡ ಕೊಡುವವರಿದ್ದಾರೆ. ಇಂದು ಅವರ ದುಡ್ಡು ತಂದು ಸಾಲ ತೀರಿಸುವುದು, ಎರಡು ದಿನ ಬಿಟ್ಟು ಹೊಸ ಸಾಲ ಬಂದ ಕೂಡಲೇ ಅವರಿಗೆ ವಾಪಸ್ ಕೊಡುವುದು. ಎರಡೇ ದಿನಕ್ಕೆ ನೂರಕ್ಕೆ ಎರಡು ಅಂತ ಇಟ್ಟುಕೊಂಡರೂ 6,000 ಖರ್ಚು. ಸೊಸೈಟಿಯ ಪುಸ್ತಕದಲ್ಲಿ ವಸೂಲಿ ನೂರಕ್ಕೆ ನೂರು. ರೈತನ ಕೈಗೆ ಹೊಸದಾಗಿ ಒಂದು ರೂಪಾಯಿಯೂ ಬಂದಿಲ್ಲ.

ಸಾಲ ಮನ್ನಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2017ರಲ್ಲಿ ಸಹಕಾರ ಸಂಘಗಳ 50,000 ರೂಪಾಯಿವರೆಗಿನ ಸಾಲ ಮನ್ನಾ ಆಯಿತು, 2018ರಲ್ಲಿ ಬ್ಯಾಂಕಿನ 2 ಲಕ್ಷದವರೆಗಿನದ್ದೂ ಆಯಿತು. ತಲೆಯ ಮೇಲಿನ ಭಾರ ಇಳಿದವರಿಗೆ ಇಳಿಯಿತು. ಆದರೆ ಮನ್ನಾ ಆಗಬೇಕಾದರೆ ಮೊದಲು ಬ್ಯಾಂಕಿನಲ್ಲಿ ಸಾಲ ಇರಬೇಕಲ್ಲ? ಲಾವಣಿ ಹೊಲದವನ ಸಾಲ ಗೊಬ್ಬರದ ಅಂಗಡಿಯ ಉದ್ರಿ ಪುಸ್ತಕದಲ್ಲಿತ್ತು.

ಹೆಂಗಸರ ಲೆಕ್ಕ ಇನ್ನೂ ಬಿಗಿ. ಬೆಳಿಗ್ಗೆ ಐದಕ್ಕೆ ದಕ್ಕೆಯಲ್ಲಿ ಬುಟ್ಟಿ ಹಿಡಿದು ನಿಲ್ಲುವ ಮೀನುಗಾರ ಮಹಿಳೆಗೆ ಬೇಕಾದದ್ದು ಒಂದು ದಿನದ ಬಂಡವಾಳ. ಬೆಳಿಗ್ಗೆ 950 ಕೈಗೆ, ಸಂಜೆ 1,000 ವಾಪಸ್ ಅನ್ನುವ ದಿನಬಡ್ಡಿಯಲ್ಲಿ 50 ರೂಪಾಯಿ ಏನೂ ಅನ್ನಿಸುವುದಿಲ್ಲ. ತಿಂಗಳಲ್ಲಿ 25 ದಿನ ವ್ಯಾಪಾರ ಆದರೆ 1,250 ಆಯಿತು, ಅದೇ 950 ರೂಪಾಯಿಗೆ! ಇಲ್ಲಿ ಮೈಕ್ರೋ ಫೈನಾನ್ಸ್ ಉಪಯೋಗಕ್ಕೆ ಬಂದದ್ದು ನಿಜ. ದಿನವೂ ಮಾರುವವರಿಗೆ ವಾರದ ಕಂತು ಹೊಂದುತ್ತದೆ. ಆದರೆ ಐದು ತಿಂಗಳಿಗೊಮ್ಮೆ ದುಡ್ಡು ನೋಡುವ ರೈತ ಮಹಿಳೆಗೂ ಅದೇ ವಾರದ ಕಂತು ಹಾಕಿದರೆ? ಒಂದು ಸಂಘದ ಕಂತಿಗೆ ಇನ್ನೊಂದು ಸಂಘದ ಸಾಲ, ಅದಕ್ಕೆ ಮತ್ತೊಂದು. ವಸೂಲಿಯ ಕಿರುಕುಳ ಮಿತಿಮೀರಿ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ರಿಸರ್ವ್ ಬ್ಯಾಂಕಿನ 2022ರ ನಿಯಮವೂ ಇದೆ. ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಮೈಕ್ರೋ ಸಾಲದ ವಸೂಲಿಗೆ ಕರೆ ಮಾಡುವಂತಿಲ್ಲ. ಇದು ಬಾಗಿಲಿಗೆ ಬಂದವರಿಗೆ ಹೇಳಲು ಗೊತ್ತಿರಬೇಕಾದ ಮಾತು.

ಗೊತ್ತಿದ್ದರೆ ಕೆಲಸಕ್ಕೆ ಬರುವ ಇನ್ನೂ ಕೆಲವು ಇವೆ. 2025ರ ಜನವರಿ 1ರಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಬ್ಯಾಂಕು ಜಮೀನು ಅಡಮಾನ ಕೇಳುವಂತಿಲ್ಲ. ಮೊದಲು ಇದು 1.6 ಲಕ್ಷ ಇತ್ತು. ಪಹಣಿ ಕೇಳುವುದು ಬೇರೆ, ಅಡಮಾನ ಕೇಳುವುದು ಬೇರೆ. ಲಾವಣಿ ಮಾಡುವವರು ನಾಲ್ಕರಿಂದ ಹತ್ತು ಜನ ಸೇರಿ ಜಂಟಿ ಬಾಧ್ಯತಾ ಗುಂಪು ಕಟ್ಟಿಕೊಂಡರೆ ಒಬ್ಬರಿಗೊಬ್ಬರು ಜಾಮೀನಾಗಿ ಸಾಲ ಪಡೆಯುವ ದಾರಿ ಇದೆ. ಜೆಎಲ್‌ಜಿ ಅಂದರೆ ಬ್ಯಾಂಕಿನವರಿಗೆ ಅರ್ಥವಾಗುತ್ತದೆ. ಸುಗ್ಗಿಯಲ್ಲಿ ದರ ಬಿದ್ದಾಗ ಮಾಲನ್ನು ನೋಂದಾಯಿತ ಗೋದಾಮಿನಲ್ಲಿಟ್ಟು, ಆ ರಸೀದಿಯ ಮೇಲೆ ಸಾಲ ತೆಗೆಯಬಹುದು. ಕ್ರೆಡಿಟ್ ಕಾರ್ಡು ಇರುವ ಸಣ್ಣ ರೈತರಿಗೆ ಆರು ತಿಂಗಳವರೆಗೆ ಅದಕ್ಕೂ ರಿಯಾಯಿತಿ ಬಡ್ಡಿಯೇ. ಹಳೆಯ ಸಾಲ ತೀರಿಸಿದ ದಿನವೇ ಬ್ಯಾಂಕಿನಿಂದ ಪತ್ರ ತಂದು 11ನೇ ಕಾಲಂನ ಬೋಜ ತೆಗೆಸಿಬಿಡಿ.

ಈ ಕೊನೆಯದನ್ನು ಮಾವ ಕಷ್ಟಪಟ್ಟು ಕಲಿತರು. ಪೌತಿ ಖಾತೆ ಆಗಿ, ಹೊಸ ಪಹಣಿ ಹಿಡಿದು ಹೋದರೆ 11ನೇ ಕಾಲಂನಲ್ಲಿ ಅಜ್ಜ ಯಾವತ್ತೋ ಪಂಪ್‌ಸೆಟ್ಟಿಗೆ ತೆಗೆದ ಸಾಲ ಇನ್ನೂ ಕೂತಿತ್ತು. ಅಜ್ಜ ಅದನ್ನು ತೀರಿಸಿ ಇಪ್ಪತ್ತು ವರ್ಷದ ಮೇಲಾಗಿತ್ತು. ರಸೀದಿ ಸಿಕ್ಕಿದ್ದು ಅಜ್ಜಿಯ ಟ್ರಂಕಿನಲ್ಲಿ, ಸೀರೆಯ ಮಡಿಕೆಯೊಳಗೆ. ಅಂತೂ ಮುಂದಿನ ಮಳೆಗಾಲಕ್ಕೆ ಮೊದಲು ಕಾರ್ಡು ಕೈಗೆ ಬಂತು. ಮಾವ ಅವತ್ತೇ ಪೇಟೆಗೆ ಹೋಗಿ ಅಡಿಕೆ ಮಂಡಿಯ ಬಾಕಿ ಪೂರ್ತಿ ತೀರಿಸಿದರು. ಯಜಮಾನರು ದುಡ್ಡು ಎಣಿಸಿ ಗಲ್ಲಾಪೆಟ್ಟಿಗೆಗೆ ಹಾಕಿ, ಚಾ ತರಿಸಿ, ನಗುತ್ತಾ ಕೇಳಿದರಂತೆ: "ನಾಯ್ಕರೇ, ಸಾಲ ತೀರ್ತು ಅಂತ ಅಡಿಕೆ ಬೇರೆ ಕಡೆ ತಗೊಂಡು ಹೋಗ್ಬೇಡಿ ಮತ್ತೆ. ಆಪತ್ತಿಗೆ ಬೇಕಾದ್ರೆ ನಾವಿದ್ದೇವಲ್ಲ?"

ಮಾವ ಚಾ ಕುಡಿದು ಬಂದರು. ಆ ವರ್ಷದ ಅಡಿಕೆಯಲ್ಲಿ ಅರ್ಧ ಸೊಸೈಟಿಗೆ ಹೋಯಿತು, ಅರ್ಧ ಅದೇ ಮಂಡಿಗೆ.